ಕಾಲು ಇಂಚು

ಗೋಡೆಯಾಚೆ ಹಿಟ್ಟಿನ ಗಿರಣಿ. ಬೆಳಿಗ್ಗೆ ಎಂಟಕ್ಕೆ ಅದರ ಮೋಟಾರು ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಓಡತೊಡಗುತ್ತದೆ. ಚಕ್ರದಿಂದ ಚಕ್ರಕ್ಕೆ ಸುತ್ತುವ ಪಟ್ಟಾದ ಎರಡು ತುದಿಗಳನ್ನು ಕೂಡಿಸಿ ಹೊಲಿದ ಜಾಗ ಪ್ರತಿ ಸುತ್ತಿಗೂ ಒಂದು ಸಲ ಟಪ್ ಎನ್ನುತ್ತದೆ. ಟಪ್, ಟಪ್, ಟಪ್. ಈಚೆ ಕಡೆ ಹೊಲಿಗೆ ಯಂತ್ರದ ಮುಂದೆ ಕೂತ ಟೇಪಕ್ಕನಿಗೆ ಆ ಸದ್ದೇ ಗಡಿಯಾರ, ಅದೇ ಸಾಕ್ಷಿ. ಕಲ್ಲು ಬಿಗಿಯಾಗಿ ಕೂತು ನುಣ್ಣಗೆ ಬೀಸುವಾಗ ಟಪ್ಪುಗಳ ನಡುವೆ ಬಿಡುವು ಹೆಚ್ಚು. ಸಡಿಲ ಬಿಟ್ಟು ತರಿತರಿಯಾಗಿ ಬೀಸಿದರೆ ಅವು ಒಂದರ ಬೆನ್ನಿಗೆ ಒಂದು ಓಡುತ್ತವೆ. ತನ್ನ ಮನೆಯ ಗೋಧಿ ಗಿರಣಿಗೆ ಹೋದ ದಿನ ಅವಳು ಸೂಜಿ ನಿಲ್ಲಿಸಿ ಎಣಿಸುತ್ತಾಳೆ.

“ಇವತ್ತು ಓಡಿಸ್ತಿದಾನೆ,” ಎಂದಳು. “ನಮ್ಮ ಹಿಟ್ಟು ತರಿ ಇರುತ್ತೆ ನೋಡು.”

“ಹೋದ ವಾರ ನಿಧಾನ ಆಯ್ತು, ಬೇರೆಯವರ ಹಿಟ್ಟು ಬೆರೆಸ್ತಿದಾನೆ ಅಂದೆ,” ಎಂದಳು ಅಮ್ಮ. “ಪಾಪ, ಅವನು ಯಾವ ವೇಗದಲ್ಲಿ ಬೀಸಬೇಕು ಅಂತ ನೀನೇ ಒಂದು ಚೀಟಿ ಬರೆದುಕೊಡು. ಈಗ ತುಳೀಲೋ ಬಿಡಲೋ?”

“ತುಳಿ.”

ತುಳಿಯುವವಳು ಅಮ್ಮ, ಹೊಲಿಯುವವಳು ಮಗಳು. ಹತ್ತು ವಾರಗಳಿಂದ ಆ ಮನೆಯಲ್ಲಿ ಇದೇ ಏರ್ಪಾಡು. ಯಂತ್ರದ ಮುಂದೆ ಎರಡು ಸ್ಟೂಲು. ಒಂದರ ಮೇಲೆ ಅಮ್ಮ ಕೂತು ಕೆಳಗಿನ ಕಬ್ಬಿಣದ ಹಲಗೆಯನ್ನು ಎರಡೂ ಪಾದಗಳಿಂದ ತುಳಿಯುತ್ತಾಳೆ. ಇನ್ನೊಂದರ ಮೇಲೆ ಮಗಳು, ಎಡಗಾಲನ್ನು ಪಕ್ಕದ ಕುರ್ಚಿಯ ಮೇಲಿಟ್ಟ ಎರಡು ದಿಂಬಿಗೆ ಏರಿಸಿ, ಸೊಂಟ ತಿರುಚಿಕೊಂಡು, ಬಟ್ಟೆಯನ್ನು ಸೂಜಿಯ ಕೆಳಗೆ ನಡೆಸುತ್ತಾಳೆ. ಮೊದಲ ವಾರ ಅಮ್ಮ ಹಲಗೆಯನ್ನು ಹಿಂದಕ್ಕೆ ತುಳಿದು ದಾರ ಗಂಟಾಗಿಸಿದ್ದೇ ಗಂಟಾಗಿಸಿದ್ದು. ಈಗ ಪಳಗಿದ್ದಾಳೆ. ಆದರೂ ಬಾಯಿ ಸುಮ್ಮನಿರುವುದಿಲ್ಲ.

“ಗಾಣದ ಎತ್ತಿಗಾದ್ರೂ ಕಣ್ಣು ಕಟ್ಟಿರ್ತಾರೆ. ನಂಗೆ ನಿನ್ನ ಮುಖ ನೋಡ್ಕೊಂಡು ತುಳಿಯೋ ಶಿಕ್ಷೆ.”

“ಎತ್ತು ಮಾತಾಡಲ್ಲ.”

“ಅದಕ್ಕೇ ಅದಕ್ಕೆ ಮೇವು ಹಾಕ್ತಾರೆ.”

ಮಾತಿನಲ್ಲಿ ನಗುವಿದ್ದರೂ ಸಂಜೆಯ ಹೊತ್ತಿಗೆ ಅಮ್ಮ ಸ್ಟೂಲಿನಿಂದ ಏಳುವಾಗ ಗೋಡೆ ಹಿಡಿಯುವುದನ್ನು ಮಗಳು ನೋಡಿದ್ದಳು. ಅರವತ್ತೆಂಟರ ಮಂಡಿಗಳು. ನೋಡಿದ್ದನ್ನು ಹೇಳಿರಲಿಲ್ಲ.

ಟೇಪಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಹಳದಿ ಅಳತೆ ಟೇಪು ಅವಳ ಕೊರಳಿನಿಂದ ಇಳಿದದ್ದನ್ನು ಕಂಡವರಿಲ್ಲ. ಸ್ನಾನಕ್ಕೂ ಹಾಕಿಕೊಂಡೇ ಹೋಗುತ್ತಾಳೆ ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ಬಟ್ಟೆ ಅಂಗಡಿಯವನು ಮೂರು ಮೀಟರು ಎಂದು ಕೊಟ್ಟದ್ದನ್ನು ಅವಳು ಅಂಗಡಿಯ ಮೆಟ್ಟಿಲಲ್ಲೇ ಬಿಚ್ಚಿ ಅಳೆದು, ಎರಡು ಬೆರಳು ಕಡಿಮೆ ಬಂದರೆ ಅಲ್ಲೇ ಹಿಂತಿರುಗುತ್ತಾಳೆ. ಗಿರಾಕಿಗಳು ತಮ್ಮ ಸೊಂಟದ ಅಳತೆ ತಾವೇ ಹೇಳಿದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. “ಸೊಂಟದ ವಿಷಯದಲ್ಲಿ ನಿಜ ಹೇಳಿದೋರನ್ನ ನಾನಿನ್ನೂ ನೋಡಿಲ್ಲ,” ಎನ್ನುತ್ತಾಳೆ. ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ಜನ ನಗುತ್ತಾರೆ, ಆದರೆ ಮದುವೆಯ ಬಟ್ಟೆಯನ್ನು ಅವಳಿಗೇ ಕೊಡುತ್ತಾರೆ. ಅನುಮಾನದವರು ಹೊಲಿದ ಹೊಲಿಗೆ ಬಿಚ್ಚಿಕೊಳ್ಳುವುದಿಲ್ಲ ಎಂಬುದು ಅವರ ಲೆಕ್ಕ.

ಅನುಮಾನ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಹುಟ್ಟಿನಿಂದ ಬಂದದ್ದು ರಕ್ತದ ಕಾಯಿಲೆ. ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ. ಅವರಿಬ್ಬರಿಗೂ ಏನೂ ಆಗಲಿಲ್ಲ. ಎರಡು ಅರ್ಧ ಕೂಡಿದ ಮಕ್ಕಳಿಗೆ ಆಯಿತು. ರಕ್ತದ ಕಣಗಳು ನಾಣ್ಯದ ಹಾಗೆ ಗುಂಡಗಿರಬೇಕು, ನಿನ್ನವು ಕುಡುಗೋಲಿನ ಹಾಗೆ ಬಾಗುತ್ತವೆ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಇದಕ್ಕೆ ಸಿಕಲ್ ಎನ್ನುತ್ತಾರೆ ಎಂದು ಒಬ್ಬ ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದಾಗ ಅವಳಿಗೆ ಹದಿನಾಲ್ಕು ವರ್ಷ. ಅಲ್ಲಿಯವರೆಗೆ ಅವಳು ಶಾಲೆಯಲ್ಲಿ ಸೋಮಾರಿ. ಕೀಲುಗಳಲ್ಲಿ ಯಾರೋ ಮೊಳೆ ಹೊಡೆದಂತೆ ನೋವು ಬಂದು ಮೂರು ದಿನ ಮಲಗಿ, ನಾಲ್ಕನೆಯ ದಿನ ಶಾಲೆಗೆ ಹೋದರೆ, “ಪರೀಕ್ಷೆ ಮುಗೀತಲ್ಲ, ಈಗ ಹುಷಾರಾದ್ಯಾ?” ಎಂದು ಮೇಷ್ಟ್ರು ಕೇಳುತ್ತಿದ್ದರು. ಕಣ್ಣು ಹಳದಿಯಾದದ್ದನ್ನು ತೋರಿಸಿದರೂ ನಂಬುತ್ತಿರಲಿಲ್ಲ. ನಂಬಿಸಿಕೊಳ್ಳದೇ ಬೆಳೆದವಳು ನಂಬುವುದನ್ನು ಎಲ್ಲಿಂದ ಕಲಿಯಬೇಕು?

ಅವಳ ಅಣ್ಣನಿಗೂ ಇದೇ ಕಾಯಿಲೆ. ಟೈಲರ್ ಆಗಿದ್ದವನು ಅವನು. ಯಂತ್ರವೂ ಅವನದೇ, ಕತ್ತರಿಯೂ ಅವನದೇ. ಕತ್ತರಿಯಲ್ಲಿ ಹೆಬ್ಬೆರಳು ತೂರುವ ಕಿವಿಗೆ ಅವನು ಸುತ್ತಿದ ಬಟ್ಟೆಯ ಪಟ್ಟಿ ಇಂದಿಗೂ ಇದೆ. ನೋವಿನಿಂದ ಅವಳು ಶಾಲೆ ಬಿಟ್ಟಾಗ ಅವನೇ ಎದುರಿಗೆ ಕೂರಿಸಿಕೊಂಡು ಕಟಿಂಗ್ ಕಲಿಸಿದ. ಅವನ ಪಾಠ ಎರಡೇ. ಗೆರೆ ಯಾವಾಗಲೂ ಬಟ್ಟೆಯ ಒಳಮೈಗೆ, ಹೊರಮೈಯನ್ನು ಸೀಮೆಸುಣ್ಣ ಮುಟ್ಟಬಾರದು. ಕತ್ತರಿ ಯಾವಾಗಲೂ ಗೆರೆಯ ಆಚೆ, ಕಾಲು ಇಂಚು ಬಿಟ್ಟು.

“ಗೆರೆ ಮೇಲೇ ಕತ್ತರಿಸಿದ್ರೆ ಹೊಲಿಗೆ ಎಲ್ಲಿ ಹಾಕ್ತೀಯೇ, ಗಾಳೀಲಾ?” ಎನ್ನುತ್ತಿದ್ದ. ಮರೆತು ಗೆರೆಯ ಮೇಲೆ ಕತ್ತರಿ ಓಡಿಸಿದರೆ ಮರದ ಸ್ಕೇಲಿನಿಂದ ಮಣಿಕಟ್ಟಿಗೆ ಒಂದು. ಆರು ತಿಂಗಳಲ್ಲಿ ಅವಳು ಮರೆಯುವುದನ್ನೇ ಮರೆತಳು. ಆಮೇಲೆ ಆ ಕಾಲು ಇಂಚನ್ನು ಬಿಡುತ್ತಿದ್ದದ್ದು ಅವಳಲ್ಲ, ಅವಳ ಕೈ.

ಅಣ್ಣನ ಎರಡೂ ಕಾಲಿನ ಹರಡಿನ ಮೇಲೆ, ಪಾದ ಕಾಲಿಗೆ ಕೂಡುವ ಗಂಟಿನ ಹತ್ತಿರ, ಹುಣ್ಣಾದವು. ಎಂಟು ವರ್ಷ ಇದ್ದವು. ಆಸ್ಪತ್ರೆಯವರು ಪಟ್ಟಿ ಸುತ್ತಿ, “ಒಣಗ್ತಾ ಇದೆ,” ಎಂದರು. ಬೀದಿಬೀದಿ ಸುತ್ತಿ ಹುಣ್ಣಿಗೆ ಪುಡಿ ಹಾಕುವವನು ಬೂದಿಬಣ್ಣದ ಪುಡಿ ಉದುರಿಸಿ, “ಒಣಗ್ತಾ ಇದೆ,” ಎಂದ. ನೋಡಲು ಬಂದ ನೆಂಟರು ಬಾಗಿಲಲ್ಲೇ ನಿಂತು ಅದನ್ನೇ ಅಂದರು. ಪುಡಿ ಹಾಕಿದ ಮೇಲೆ ನಿಜವಾಗಿಯೂ ಒಣಗಿದ ಹಾಗೆ ಕಂಡಿತು. ಮೇಲೆ ಕಪ್ಪು ಹಕ್ಕಳೆ, ಗಟ್ಟಿಯಾಗಿ. ಅದರ ಕೆಳಗೆ ಏನು ನಡೆಯುತ್ತಿತ್ತೆಂದು ಜ್ವರ ಏರಿದ ದಿನವೇ ಗೊತ್ತಾದದ್ದು. ಇಪ್ಪತ್ತೊಂಬತ್ತಕ್ಕೆ ಅವನು ಹೋದ. ಒಣಗ್ತಾ ಇದೆ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ಅವಳ ಕೈ ತಾನಾಗಿ ಕೊರಳಿನ ಟೇಪಿಗೆ ಹೋಗುತ್ತದೆ.

ಅವಳದು ಒಂದೇ ಹುಣ್ಣು. ಎಡಗಾಲಿನ ಒಳಬದಿ, ಹರಡಿನ ಮೂಳೆಯ ಸ್ವಲ್ಪ ಮೇಲೆ. ಆರು ವರ್ಷದ ಹಿಂದೆ ಸೊಳ್ಳೆ ಕಚ್ಚಿದಷ್ಟು ತುರಿಕೆಯಾಗಿ ಶುರುವಾದದ್ದು. ಅಲ್ಲಿ ಚರ್ಮ ತೆಳು, ರಕ್ತ ತಲುಪುವುದೇ ಕಷ್ಟ, ನಿನ್ನ ರಕ್ತ ತಲುಪುವುದು ಇನ್ನೂ ಕಷ್ಟ ಎಂದಿದ್ದರು. ಆರು ವರ್ಷದಲ್ಲಿ ಅವಳು ಏಳು ಕಡೆ ತೋರಿಸಿದ್ದಳು. ಎಲ್ಲ ಕಡೆಯೂ ಒಣಗುತ್ತಿತ್ತು.

ಎಂಟನೆಯ ಕಡೆ ಈ ಆಸ್ಪತ್ರೆ. ಎರಡು ಬಸ್ಸು ಬದಲಿಸಿ ಹೋಗಬೇಕು. ಮಂಗಳವಾರ ಮತ್ತು ಶುಕ್ರವಾರ ಅಲ್ಲಿ ಹಿತ್ತಲ ಕಡೆಯ ಒಂದು ಕೋಣೆ ತೆರೆಯುತ್ತದೆ. ಬಾಗಿಲ ಮೇಲಿನ ಹಲಗೆಯಲ್ಲಿ ಏನೋ ಉದ್ದದ ಹೆಸರಿದೆ. ರೋಗಿಗಳು ಅದನ್ನು ಗಾಯದ ಕೋಣೆ ಎನ್ನುತ್ತಾರೆ. ಒಳಗೆ ಎತ್ತರದ ಒಂದು ಮಂಚ, ಕಿಟಕಿಯ ಕೆಳಗೆ ಸಿಂಕು, ಗೋಡೆಗೆ ಒರಗಿದ ಬಟ್ಟೆಪಟ್ಟಿಗಳ ಕಪಾಟು. ಪಟ್ಟಿ ಕಟ್ಟುವವರು ಐವತ್ತು ದಾಟಿದ ಒಬ್ಬ ಗಂಡಸು. ಎಲ್ಲರೂ ಪಟ್ಟಿ ಮಾಮ ಎನ್ನುತ್ತಾರೆ. ಮಾತು ಕಡಿಮೆ, ಕೈ ತಣ್ಣಗೆ.

ಮೊದಲ ದಿನ ಅವರು ಹುಣ್ಣನ್ನು ಉಪ್ಪುನೀರಿನಿಂದ ತೊಳೆದು, ಚಿಮಟದಲ್ಲಿ ಹಳದಿ ಪೊರೆ ತೆಗೆದು, ಅದರ ಮೇಲೆ ಎರಡು ಪದರದ ಪಾರದರ್ಶಕ ಹಾಳೆ ಹಾಸಿದರು. ಪೆನ್ನಿನಿಂದ ಹುಣ್ಣಿನ ಅಂಚಿನುದ್ದಕ್ಕೂ ಗೆರೆ ಎಳೆದರು. ಗಾಯಕ್ಕೆ ತಾಗಿದ ಕೆಳಪದರ ಕಸಕ್ಕೆ, ಮೇಲಿನದು ಗೆರೆಯ ಮೇಲೇ ಕತ್ತರಿಸಿ ಅವರ ಫೈಲಿಗೆ. ಅದರದೇ ಇನ್ನೊಂದು ನಕಲು ತೆಗೆದು, ಹಾಗೆಯೇ ಕತ್ತರಿಸಿ ಅವಳ ಕೈಗೆ ಕೊಟ್ಟರು.

“ಎರಡೂವರೆ ಇಂಚು ಉದ್ದ, ಎರಡು ಇಂಚು ಅಗಲ. ಇದು ನಿಮ್ಮ ಹತ್ರ ಇರಲಿ ತಾಯೀ. ನನ್ನ ಮಾತು ನಂಬಬೇಡಿ, ಇದನ್ನ ನಂಬಿ.”

ಅಷ್ಟು ಒಳ್ಳೆಯ ಮಾತು ಯಾಕೆ ಆಡಿದರು ಎಂದು ಅವಳಿಗೆ ಆಗಲೇ ಅನುಮಾನ ಬಂತು.

ಆಮೇಲೆ ಅವರು ಹುಣ್ಣಿನ ಮೇಲೆ ತಂಪಾದ, ಜಾರುವ, ಒದ್ದೆ ಮುಲಾಮು ಸವರಿದರು.

“ಒಣಗಿಸಿ ಅಂತ ಬಂದ್ರೆ ನೀವು ಒದ್ದೆ ಮಾಡ್ತಿದ್ದೀರಲ್ಲ ಮಾಮ.”

“ಒಣಗಬಾರದು. ಮಾಯಬೇಕು.”

“ಎರಡೂ ಒಂದೇ ಅಲ್ವಾ? ಗಾಯ ಒಣಗಿತು ಅಂದ್ರೆ ವಾಸಿ ಆಯ್ತು ಅಂತ ತಾನೇ.”

“ಹಾಗಂತ ಮಾತು ಮಾಡಿದೋರಿಗೆ ಈ ಗಾಯ ಆಗಿರಲಿಲ್ಲ,” ಎಂದರು ಪಟ್ಟಿ ಮಾಮ. “ಒಣ ನೆಲದಲ್ಲಿ ಬೀಜ ಹುಟ್ಟುತ್ತಾ? ಹದ ಇರಬೇಕು. ಹದ ಇದ್ರೆ ಅಂಚಿನಿಂದ ಚರ್ಮ ಒಳಗೆ ಬರುತ್ತೆ.”

ಅದರ ಮೇಲೆ ಹತ್ತಿ, ಹತ್ತಿಯ ಮೇಲೆ ಎಳೆದರೆ ಎಳೆಯುವ ಪಟ್ಟಿ, ಕಾಲ್ಬೆರಳ ಬುಡದಿಂದ ಮಂಡಿಯ ಕೆಳಗಿನವರೆಗೆ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವ ಹಾಗೆ. ಕೆಲಸವೇನೋ ಅಚ್ಚುಕಟ್ಟು ಎಂದು ಅವಳ ಟೈಲರ್ ಕಣ್ಣು ಒಪ್ಪಿತು. ಮನಸ್ಸು ಒಪ್ಪಲಿಲ್ಲ. ಹನ್ನೆರಡು ವಾರ ಯಂತ್ರ ತುಳಿಯುವಂತಿಲ್ಲ, ಕೂತಾಗ ಕಾಲು ಮೇಲಿರಬೇಕು, ನೀರು ಚೆನ್ನಾಗಿ ಕುಡಿಯಬೇಕು, ಮಾತ್ರೆ ತಪ್ಪಿಸಬಾರದು, ಪಟ್ಟಿಯನ್ನು ಮನೆಯಲ್ಲಿ ಬಿಚ್ಚಲೇಬಾರದು. ಬಿಚ್ಚಬಾರದು ಎಂದ ಕೂಡಲೇ ಒಳಗೆ ಏನೋ ಇದೆ ಎಂದಾಯಿತಲ್ಲ.

ಹತ್ತನೆಯ ವಾರದ ಮಂಗಳವಾರ ಪಟ್ಟಿ ಮಾಮ ಎಂದಿನಂತೆ ಗೆರೆ ಎಳೆದು, ಹಾಳೆಯನ್ನು ಬೆಳಕಿಗೆ ಹಿಡಿದು, “ಕುಗ್ಗಿದೆ,” ಎಂದರು. “ಎರಡು ಇಂಚು ಉದ್ದ, ಒಂದೂವರೆ ಅಗಲ.”

“ಬಟ್ಟೆ ಕುಗ್ಗೋದು ಕೇಳಿದೀನಿ.”

“ಗಾಯನೂ ಕುಗ್ಗುತ್ತೆ ತಾಯೀ.”

ಹೊರಗೆ ಬೆಂಚಿನ ಮೇಲೆ ಸೊಪ್ಪು ಮಾರುವ ಹೆಂಗಸು ಸಕ್ಕರೆ ಕಾಯಿಲೆಯ ಕಾಲು ಚಾಚಿಕೊಂಡು ಕೂತಿದ್ದಳು. “ನಿಂದೂ ಕುಗ್ಗಿತಾ?” ಎಂದು ಕೇಳಿದಳು. “ಇವರ ಪುಸ್ತಕದಲ್ಲಿ ಎಲ್ಲರದ್ದೂ ಕುಗ್ಗುತ್ತೆ ಕಣಕ್ಕ. ಮೇಲಿನೋರು ಬಂದು ನೋಡ್ತಾರಂತೆ. ಕುಗ್ಗದಿದ್ರೆ ಈ ಕೋಣೆ ಮುಚ್ತಾರಂತೆ. ಕುಗ್ಗದೇ ಏನು ಮಾಡುತ್ತೆ, ಪಾಪ.”

ಎರಡು ಬಸ್ಸಿನ ದಾರಿಯುದ್ದಕ್ಕೂ ಆ ಮಾತು ಅವಳ ಪಕ್ಕದಲ್ಲೇ ಕೂತು ಬಂತು.

ಬುಧವಾರ ಅಮ್ಮ ಗಿರಣಿಗೆ ಹೋದ ಹೊತ್ತು ನೋಡಿ ಅವಳು ಬಾಗಿಲು ಹಾಕಿಕೊಂಡಳು. ಪಟ್ಟಿಯನ್ನು ಸುತ್ತು ಸುತ್ತಾಗಿ ಬಿಚ್ಚಿದಳು. ಕೈಯನ್ನು ಸೋಪಿನಲ್ಲಿ ಎರಡು ಸಲ ತೊಳೆದಳು. ಹೊಸ ಅಂಗಿಯ ಪ್ಯಾಕೆಟ್ಟಿನ ಪ್ಲಾಸ್ಟಿಕ್ಕನ್ನು ಕತ್ತರಿಸಿ, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ, ಹುಣ್ಣಿನ ಮೇಲೆ ಹಾಸಿದಳು. ಅದರ ತಂಪಿಗೆ ಮಂಡಿಯವರೆಗೂ ಒಂದು ಬೆಂಕಿ ಹರಿದು ಹೋಯಿತು. ಕೆಳತುಟಿ ಕಚ್ಚಿಕೊಂಡು ಅಂಚಿನುದ್ದಕ್ಕೂ ಪೆನ್ನು ಓಡಿಸಿದಳು. ಹುಣ್ಣು ತಿಳಿಗೆಂಪಾಗಿತ್ತು. ಅಂಚಿನಲ್ಲಿ ಏನೋ ನಸುಬಿಳುಪು. ಕಣ್ಣಿಗೆ ಚಿಕ್ಕದಾಗಿಯೇ ಕಂಡಿತು. ಆದರೆ ಕಣ್ಣನ್ನು ನಂಬಿ ಅವಳು ಯಾವತ್ತೂ ಬಟ್ಟೆ ಕತ್ತರಿಸಿದವಳಲ್ಲ. ಅಣ್ಣನ ಕಾಲೂ ಕಣ್ಣಿಗೆ ವಾಸಿಯಾಗಿತ್ತು.

ಪಟ್ಟಿಯನ್ನು ಮತ್ತೆ ಸುತ್ತಿ ಮೇಜಿಗೆ ಬಂದಳು. ಖಾಕಿ ಕಾಗದ ಹಾಸಿದಳು. ಪ್ಯಾಟರ್ನು ಮಾಡುವಾಗ ಮಾಡುವ ಹಾಗೆಯೇ ಪ್ಲಾಸ್ಟಿಕ್ಕನ್ನು ಮಗುಚಿ, ಕಾಗದದ ಒಳಮೈಗೆ ಗೆರೆ ಇಳಿಸಿ, ಅಣ್ಣನ ಕತ್ತರಿಯಿಂದ ಕತ್ತರಿಸಿದಳು. ಹೊರಮೈ ಮೇಲೆ ಮಾಡಿ ಇಟ್ಟು, ಅದರ ಮೇಲೆ ಮೊದಲ ದಿನದ ಪಾರದರ್ಶಕ ಹಾಳೆಯನ್ನು ಇಟ್ಟಳು.

ಒಂದರ ಮೇಲೊಂದು ಸರಿಯಾಗಿ ಕೂತವು. ಟೇಪು ಹಿಡಿದಳು. ಎರಡೂವರೆ, ಎರಡು. ಒಂದು ನೂಲಿನಷ್ಟೂ ಕಡಿಮೆಯಿಲ್ಲ.

ಎರಡು ಸಲ ಅಳೆ, ಒಂದು ಸಲ ಕತ್ತರಿಸು ಎಂಬುದು ಕಸುಬಿನ ಮಾತು. ಗುರುವಾರ ಮತ್ತೊಮ್ಮೆ ಪಟ್ಟಿ ಬಿಚ್ಚಿ, ಹೊಸ ಪ್ಲಾಸ್ಟಿಕ್ಕು, ಹೊಸ ಕಾಗದ. ಮತ್ತೆ ಎರಡೂವರೆ, ಎರಡು.

ಸಿಟ್ಟು ಬರಲಿಲ್ಲ. ಬಂದದ್ದು ಒಂದು ಬಗೆಯ ಸಮಾಧಾನ, ಹಳೆಯ ನೆಂಟರು ಮನೆಗೆ ಬಂದಾಗ ಆಗುವಂಥದ್ದು. ಇವರೂ ಅಷ್ಟೇ ಎಂದುಕೊಂಡಳು. ಆ ಸಂಜೆ ಅಮ್ಮನ ಮುಂದೆ ಎರಡು ಖಾಕಿ ತುಂಡುಗಳನ್ನೂ ಹಾಳೆಯನ್ನೂ ಇಟ್ಟು, ಎಲ್ಲ ಹೇಳಿದಳು.

“ಶನಿವಾರ ಪುಡಿಯವನು ಈ ಬೀದಿಗೆ ಬರ್ತಾನೆ. ಹಾಕಿಸ್ಕೋತೀನಿ. ಸೋಮವಾರದಿಂದ ನಾನೇ ತುಳೀತೀನಿ.”

ಅಮ್ಮ ಕಾಗದದ ತುಂಡನ್ನು ಬೆರಳ ತುದಿಯಿಂದ ಅತ್ತ ಸರಿಸಿದಳು, ಬಿಸಿ ಪಾತ್ರೆಯನ್ನು ಸರಿಸುವ ಹಾಗೆ.

“ನಿಮ್ಮಣ್ಣನೂ ಪುಡಿ ಹಾಕಿಸ್ಕೊಂಡಿದ್ದ.”

“ಅಣ್ಣ ಪಟ್ಟಿನೂ ಸುತ್ತಿಸ್ಕೊಂಡಿದ್ದ. ಎರಡೂ ಸುಳ್ಳೇ ಆದ್ರೆ, ನಿನ್ನ ಮಂಡಿನಾದ್ರೂ ಉಳೀಲಿ.”

“ನನ್ನ ಮಂಡಿ ಸುದ್ದಿ ನಿನಗ್ಯಾಕೆ? ನಾನು ಕೇಳಿದ್ನಾ?” ಅಮ್ಮ ಎದ್ದಳು. ಗೋಡೆ ಹಿಡಿಯದೇ ಏಳಲು ನೋಡಿ, ಆಗದೆ, ಹಿಡಿದೇ ಎದ್ದಳು. “ನಾಳೆ ಶುಕ್ರವಾರ. ಇದನ್ನೆಲ್ಲ ಅವರ ಮುಂದೆ ಇಟ್ಟು ಕೇಳು. ಕೇಳದೇ ಬಿಟ್ಟುಬರಬೇಡ. ನಾನೂ ಬರ್ತೀನಿ.”

“ನೀನ್ಯಾಕೆ?”

“ನೀನು ಕಾಲು ಕೆರೆದು ಜಗಳಕ್ಕೆ ಹೋಗೋಳು. ಇರೋದೊಂದು ಕಾಲು ಅಲ್ಲೇ ಬಿಟ್ಟುಬಂದೀಯ.”

ಶುಕ್ರವಾರ ಗಾಯದ ಕೋಣೆಯಲ್ಲಿ ಡಾಕ್ಟರಮ್ಮನೂ ಇದ್ದರು. ವಾರಕ್ಕೊಮ್ಮೆ ಬರುವ, ಸಣ್ಣ ವಯಸ್ಸಿನ, ಕನ್ನಡಕದ ಡಾಕ್ಟರಮ್ಮ. ಒಳ್ಳೆಯದೇ ಆಯಿತು ಎಂದುಕೊಂಡಳು ಟೇಪಕ್ಕ. ಮಂಚ ಹತ್ತಿ ಕೂತಳು. ಪಟ್ಟಿ ಮಾಮ ಪಟ್ಟಿಗೆ ಕೈ ಹಾಕಿದವರು ನಿಂತರು.

“ಇದನ್ನ ಬಿಚ್ಚಿದ್ರಾ?”

“ಇಲ್ಲ ಅಂದ್ರೆ?”

“ನಾನು ಒಳಗಿಂದ ಹೊರಕ್ಕೆ ಸುತ್ತೋದು. ಇದು ಹೊರಗಿಂದ ಒಳಕ್ಕೆ ಸುತ್ತಿದೆ.” ಅವರ ಧ್ವನಿ ಏರಲಿಲ್ಲ. “ಪುಡಿ ಹಾಕಿಸಿದ್ರಾ? ನಿಜ ಹೇಳಿ ತಾಯೀ. ಎರಡು ವಾರದಿಂದ ನಂಗೆ ಅನುಮಾನ. ಬೆಂಚಿನ ಮೇಲೆ ಪುಡಿಯವನ ವಿಚಾರ ಕೇಳ್ತಿದ್ರಂತೆ.”

ತನ್ನ ಮೇಲೂ ಯಾರಾದರೂ ಅನುಮಾನಪಡಬಹುದು ಎಂಬುದು ಟೇಪಕ್ಕನಿಗೆ ಎಂದೂ ಹೊಳೆದಿರಲಿಲ್ಲ. ಒಂದು ಗಳಿಗೆ ತಬ್ಬಿಬ್ಬಾದಳು. ಆಮೇಲೆ ಚೀಲ ತೆರೆದು ಮೂರು ತುಂಡುಗಳನ್ನು ಮಂಚದ ಮೇಲೆ ಸಾಲಾಗಿ ಇಟ್ಟಳು.

“ಪುಡಿ ಹಾಕಿಲ್ಲ. ಅಳತೆ ತಗೊಂಡೆ. ಇದು ನೀವು ಕೊಟ್ಟಿದ್ದು, ಮೊದಲನೇ ದಿನದ್ದು. ಇದು ನಿನ್ನೆ ನಾನು ತೆಗೆದಿದ್ದು, ಇದು ಮೊನ್ನೆದು. ಡಾಕ್ಟರಮ್ಮ, ನೀವೇ ನೋಡಿ. ಹತ್ತು ವಾರ ನಮ್ಮಮ್ಮ ಗಾಣದ ಎತ್ತಾದಳು, ನಾನು ಕಂಬಕ್ಕೆ ಕಟ್ಟಿದ ಹಸು ಆದೆ. ಒಂದು ನೂಲು ಕಮ್ಮಿ ಆಗಿಲ್ಲ. ಇವರು ಮಾತ್ರ ಕುಗ್ಗಿದೆ ಅಂತ ಬರ್ಕೋತಾರೆ.”

ಡಾಕ್ಟರಮ್ಮ ಹಾಳೆಯನ್ನು ಕಾಗದದ ಮೇಲಿಟ್ಟು ನೋಡಿದರು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು. ಅವರ ಮುಖ ಗಂಭೀರವಾಯಿತು. ಫೈಲು ತೆಗೆದು ಮಂಗಳವಾರದ ಹಾಳೆಯನ್ನು ಹುಡುಕಿದರು. ಅದು ಖಾಕಿ ತುಂಡಿಗಿಂತ ಎಲ್ಲ ಕಡೆಯಿಂದಲೂ ಚಿಕ್ಕದಿತ್ತು.

“ಇದು ಹೇಗೆ?” ಎಂದು ಅವರು ಪಟ್ಟಿ ಮಾಮನನ್ನು ಕೇಳಿದರು. ಕೇಳಿದ ರೀತಿಯಲ್ಲೇ ಗೊತ್ತಾಗುತ್ತಿತ್ತು, ಅವರೂ ಈಗ ಅನುಮಾನದ ಬೆಂಚಿನ ಮೇಲೆ ಕೂತರು ಎಂದು.

ಪಟ್ಟಿ ಮಾಮನ ಕಿವಿ ಕೆಂಪಾಗಿತ್ತು. ಇಪ್ಪತ್ತಾರು ವರ್ಷ ಗಾಯ ತೊಳೆದ ಕೈಗಳನ್ನು ಅವರು ಒಂದು ಸಲ ಒರೆಸಿಕೊಂಡರು. ಮಂಗಳವಾರದ ಹಾಳೆಯನ್ನು ಖಾಕಿ ತುಂಡಿನ ನಡುವೆ ಇಟ್ಟು, ಸುತ್ತ ಉಳಿದ ಅಂಚಿನುದ್ದಕ್ಕೂ ಬೆರಳು ಓಡಿಸಿದರು.

“ಆಕಾರ ಎರಡೂ ಒಂದೇ ಇದೆ,” ಎಂದರು ನಿಧಾನವಾಗಿ. “ಈ ಮೂಗಿನ ತರ ಚಾಚಿರೋದು, ಇಲ್ಲಿ ತಗ್ಗು. ನಾನು ಸುಳ್ಳು ಬರೆದಿದ್ರೆ ಒಂದು ಕಡೆ ಹೆಚ್ಚು ಒಂದು ಕಡೆ ಕಮ್ಮಿ ಬರಬೇಕಿತ್ತು. ಇದು ಸುತ್ತ ಒಂದೇ ಸಮ ಇದೆ.”

ಅವರು ತುಂಡನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ಮಗುಚಿದರು.

“ತಾಯೀ, ಈ ಗೆರೆ ಏನು?”

ಕಾಗದದ ಒಳಮೈಯಲ್ಲಿ, ಕತ್ತರಿಸಿದ ಅಂಚಿನಿಂದ ಒಳಗೆ, ಸುತ್ತಲೂ ಒಂದೇ ಅಂತರ ಬಿಟ್ಟು, ಅವಳದೇ ನೀಲಿ ಗೆರೆ ಹರಿದಿತ್ತು.

ಟೇಪಕ್ಕ ಆ ಗೆರೆಯನ್ನು ನೋಡಿದಳು. ಟೇಪು ಬೇಕಾಗಲಿಲ್ಲ. ಆ ಅಂತರವನ್ನು ಅವಳು ಹೆಬ್ಬೆರಳ ಉಗುರಿನಲ್ಲೇ ಬಲ್ಲಳು. ಹದಿನೆಂಟು ವರ್ಷದಿಂದ ಕೊರಳಪಟ್ಟಿಗೆ, ತೋಳಿಗೆ, ಜೇಬಿಗೆ, ಗೊತ್ತಿಲ್ಲದೇ ಬಿಡುತ್ತಾ ಬಂದ ಅಂತರ. ಹೊಲಿಗೆ ಎಲ್ಲಿ ಹಾಕ್ತೀಯೇ, ಗಾಳೀಲಾ? ಮಣಿಕಟ್ಟಿನ ಮೇಲೆ ಮರದ ಸ್ಕೇಲು ಬಿದ್ದ ಜಾಗ ಚುರುಗುಟ್ಟಿತು. ಗಾಯಕ್ಕೆ ಹೊಲಿಗೆ ಇರಲಿಲ್ಲ. ಕೈಗೆ ಅದು ಗೊತ್ತಿರಲಿಲ್ಲ.

“ಎಷ್ಟಿದೆ ಅದು?” ಎಂದರು ಡಾಕ್ಟರಮ್ಮ.

“ಕಾಲು ಇಂಚು,” ಎಂದಳು ಟೇಪಕ್ಕ.

“ಏನು ಕಾಲು?”

“ಕಾಲು ಇಂಚು ಡಾಕ್ಟರಮ್ಮ, ಇಂಚಲ್ಲಿ ನಾಲ್ಕನೇ ಒಂದು ಭಾಗ. ಹೊಲಿಗೆಗೆ ಬಿಡೋದು.” ಅವಳ ಧ್ವನಿ ತಗ್ಗಿತ್ತು. “ಬಿಟ್ಟುಬಿಟ್ಟಿದೀನಿ. ಗೆರೆ ಒಳಮೈಗೆ ಹಾಕಿದ್ನಲ್ಲ, ಮಗುಚಿ ನೋಡಲೇ ಇಲ್ಲ.”

ಮೂಲೆಯ ಸ್ಟೂಲಿನಿಂದ ಅಮ್ಮ ಬಾಯಿ ತೆರೆದಳು. “ಕಾಲು ಇಂಚಿಗೆ ಇಡೀ ಕಾಲೇ ಕೊಡೋಕೆ ಹೊರಟಿದ್ಯಲ್ಲೇ. ಊರೋರ ಅಳತೆಯೆಲ್ಲ ತಪ್ಪು ಅಂತಿದ್ದೆ.”

“ಸುಮ್ನಿರಮ್ಮ.”

“ನಾನು ಎತ್ತು. ಮಾತಾಡಲ್ಲ.”

ಡಾಕ್ಟರಮ್ಮ ನಗಬಾರದೆಂದು ಫೈಲಿನೊಳಗೆ ಮುಖ ಇಟ್ಟರು. ಪಟ್ಟಿ ಮಾಮ ನಗಲಿಲ್ಲ. ತಟ್ಟೆಯಿಂದ ಕತ್ತರಿ ತೆಗೆದು, ಹಿಡಿಯನ್ನು ಅವಳ ಕಡೆ ಮಾಡಿ ಚಾಚಿದರು. ಅವಳಿಗೆ ಅರ್ಥವಾಯಿತು. ಕಾಗದವನ್ನು ಒಳಮೈ ಮೇಲೆ ಮಾಡಿ ಹಿಡಿದು, ಕೈ ಪಳಗಿದ ಮೇಲೆ ಮೊದಲ ಬಾರಿಗೆ, ಗೆರೆಯ ಮೇಲೇ ಕತ್ತರಿ ಓಡಿಸಿದಳು. ಕೈ ಎರಡು ಸಲ ಆಚೆಗೆ ಎಳೆಯಿತು. ಎಳೆದು ಒಳಗೆ ತಂದಳು. ಹೊರಗಿನ ಸಣ್ಣ ಉಂಗುರ ಮಡಿಲಿಗೆ ಬಿತ್ತು. ಉಳಿದ ತುಂಡು ಮಂಗಳವಾರದ ಹಾಳೆಯ ಕೆಳಗೆ ಸರಿಯಾಗಿ ಅಡಗಿತು.

ಅವಳು ಆ ಉಂಗುರವನ್ನು ಬೆರಳಿನಲ್ಲಿ ಎತ್ತಿ ನೋಡಿದಳು. ಹತ್ತು ವಾರದಲ್ಲಿ ಬೆಳೆದ ಚರ್ಮ ಇಷ್ಟು. ಅಣ್ಣ ಕಲಿಸಿದ ಅಗಲದಷ್ಟೇ.

“ಸುತ್ತ ಕಾಲು ಇಂಚಿಗೆ ಹತ್ತು ವಾರ,” ಎಂದಳು. “ನಡುವಿಗೆ ಇನ್ನೂ ಮುಕ್ಕಾಲು ಇಂಚಿದೆ. ಅಂದ್ರೆ ಮೂವತ್ತು ವಾರಕ್ಕೆ ಮುಚ್ಚುತ್ತೆ.”

“ಗೊತ್ತಿಲ್ಲ,” ಎಂದರು ಪಟ್ಟಿ ಮಾಮ.

“ಗೊತ್ತಿಲ್ಲ ಅಂದ್ರೆ?”

“ಬೇಗ ಮುಚ್ಚಬಹುದು. ಅರ್ಧಕ್ಕೆ ನಿಲ್ಲಬಹುದು. ಮುಚ್ಚಿದ್ದು ಮತ್ತೆ ತೆರೀಬಹುದು, ಈ ಕಾಯಿಲೇಲಿ ಅದು ಮಾಮೂಲು. ಮುಚ್ಚೇ ಮುಚ್ಚುತ್ತೆ ಅಂತ ನಾನು ಹೇಳಲ್ಲ. ಪಟ್ಟಿ ಬಿಚ್ತಾ ಇದ್ರೆ ಮುಚ್ಚಲ್ಲ, ಅದನ್ನ ಮಾತ್ರ ಹೇಳ್ತೀನಿ.”

ಆರು ವರ್ಷದಲ್ಲಿ ಏಳು ಕಡೆಯೂ ಅವಳಿಗೆ ಯಾರೂ ಗೊತ್ತಿಲ್ಲ ಎಂದಿರಲಿಲ್ಲ. ಆ ಮಾತನ್ನು ಅವಳು ಮನಸ್ಸಿನಲ್ಲೇ ಮಗುಚಿ ಒಳಮೈ ನೋಡಿದಳು. ಅಲ್ಲಿ ಬೇರೆ ಗೆರೆ ಕಾಣಲಿಲ್ಲ. ಇದ್ದರೂ ಇರಬಹುದು, ಇನ್ನೊಮ್ಮೆ ನೋಡಬೇಕು.

ಅವರು ತೊಳೆದರು, ಮುಲಾಮು ಸವರಿದರು, ಹತ್ತಿ ಇಟ್ಟು ಒಳಗಿಂದ ಹೊರಕ್ಕೆ ಸುತ್ತಿದರು. ಅವಳು ಪ್ರತಿ ಸುತ್ತನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು.

“ನಿಮ್ಮ ಮೇಲೆ ಇಲ್ಲದ ತಪ್ಪು ಹೊರಿಸಿದೆ ಮಾಮ,” ಎಂದಳು ಕೊನೆಗೆ, ಪಟ್ಟಿಯನ್ನೇ ನೋಡುತ್ತಾ.

“ನಾನೂ ಹೊರಿಸಿದ್ನಲ್ಲ ತಾಯೀ. ಪುಡಿ ಅಂತ. ಸರಿಹೋಯ್ತು ಬಿಡಿ.”

“ಪುಡಿಯವನಿಗೆ ನಾಳೆ ಏನು ಹೇಳ್ಲಿ?” ಎಂದಳು ಅಮ್ಮ, ಸ್ಟೂಲಿನಿಂದ ಏಳುತ್ತಾ.

“ಬೇರೆ ಬೀದಿಗೆ ಹೋಗು ಅನ್ನು. ಅಲ್ಲ, ಬೇಡ, ಬೇರೆ ಬೀದೀಲೂ ಕಾಲುಗಳಿವೆ. ನಾನೇ ಮಾತಾಡ್ತೀನಿ.” ಟೇಪಕ್ಕ ಮಂಚದಿಂದ ಇಳಿದು, ಖಾಕಿ ತುಂಡುಗಳನ್ನೂ ಆ ಉಂಗುರವನ್ನೂ ಚೀಲಕ್ಕೆ ಹಾಕಿಕೊಂಡಳು. ಅಮ್ಮನ ಮೊಣಕೈ ಹಿಡಿದಳು. ಯಾರು ಯಾರನ್ನು ಹಿಡಿದಿದ್ದಾರೆಂದು ನೋಡಿದವರಿಗೆ ಹೇಳಲಾಗುತ್ತಿರಲಿಲ್ಲ. ಹೊರಗೆ ಬಸ್ಸಿನ ಹಾರ್ನು ಕೇಳಿತು. ಬಾಗಿಲಲ್ಲಿ ಅವಳು ತಿರುಗಿದಳು.

“ಮಂಗಳವಾರ ಪೆನ್ನು ನಾನೇ ತರ್ತೀನಿ ಮಾಮ. ಗೆರೆನೂ ನಾನೇ ಎಳೀತೀನಿ, ಗೆರೆ ಮೇಲೇ ಕತ್ತರಿಸ್ತೀನಿ, ನೀವು ಪಕ್ಕದಲ್ಲಿ ನಿಂತು ನನ್ನ ಕೈ ನೋಡ್ತಿರಿ. ನಿಮ್ಮ ಪೆನ್ನಿನ ಮೊನೆ ದಪ್ಪ, ಅದರಲ್ಲೇ ಅರ್ಧ ನೂಲು ಹೆಚ್ಚುಕಮ್ಮಿ ಆಗುತ್ತೆ, ಆ ಅರ್ಧ ನೂಲು ನಿಮ್ಮ ಕಡೆ ಹೋಗುತ್ತೋ ನನ್ನ ಕಡೆ ಬರುತ್ತೋ ಅಂತ ನೋಡಬೇಕಲ್ಲ,” ಎನ್ನುತ್ತಲೇ ಅವಳು ಅಮ್ಮನನ್ನು ನಡೆಸಿಕೊಂಡು ಬೆಂಚು ದಾಟಿ, ಸೊಪ್ಪಿನವಳ ಚಾಚಿದ ಕಾಲನ್ನು ಸುತ್ತುಹಾಕಿ, ಬಸ್ಸಿನ ಕಡೆಗೆ ನಡೆದಳು.